ಸ್ಟ್ರೈಕರ್ ಬೇಕು ಎನ್ನುವ ಮುನ್ನ

ಬೆಂಗಳೂರು ಎಫ್‌ಸಿ ಸೋತ ರಾತ್ರಿ ಕಂಠೀರವ ಕ್ರೀಡಾಂಗಣದ ಗೇಟು ದಾಟಿ ಹೊರಬರುವವರ ಬಾಯಲ್ಲಿ ಒಂದೇ ಮಾತು: ‘ಒಳ್ಳೆ ಸ್ಟ್ರೈಕರ್ ಒಬ್ಬ ಬೇಕಪ್ಪ.’ ಗೆದ್ದ ರಾತ್ರಿಯೂ ಅದೇ ಮಾತು, ದನಿ ಸ್ವಲ್ಪ ಮೆತ್ತಗಿರುತ್ತದೆ ಅಷ್ಟೆ. ಗೋಲು ಬರುತ್ತಿಲ್ಲ, ಆದ್ದರಿಂದ ಗೋಲು ಹೊಡೆಯುವವನನ್ನು ತನ್ನಿ ಅನ್ನುವುದಕ್ಕಿಂತ ನೇರವಾದ ಲೆಕ್ಕ ಇನ್ನೇನಿದೆ? ಆದರೆ ಸ್ಟ್ರೈಕರನ ಕಾಲಿಗೆ ಬರುವ ಮೊದಲು ಚೆಂಡು ಐದಾರು ಜನರನ್ನು ದಾಟಿ ಬಂದಿರಬೇಕು. ಅದರಲ್ಲಿ ಯಾರೋ ಒಬ್ಬ ತಪ್ಪು ಜಾಗದಲ್ಲಿ ನಿಂತಿದ್ದರೆ ಮುಂದೆ ಎಂಥ ಸರದಾರನನ್ನು ನಿಲ್ಲಿಸಿದರೂ ಅವನು ಕೈ ಚೆಲ್ಲಿ ನಿಲ್ಲಬೇಕಾಗುತ್ತದೆ.

ತಂಡಕ್ಕೆ ಏನು ಬೇಕು ಎಂದು ತೂಗುವುದು ಕೋಚ್ ಮತ್ತು ಕ್ಲಬ್ಬಿನವರ ಕೆಲಸ. ಆದರೂ ಸೀಸನ್ ಮುಗಿದ ಮೇಲೆ ಅದನ್ನು ಮಾಡದ ಅಭಿಮಾನಿ ಇಲ್ಲ. ಮಾಡುವುದೇ ಆದರೆ ಕ್ರಮವಾಗಿ ಮಾಡಬಹುದು. ಕ್ರಮ ಇಷ್ಟೇ: ಯಾರು ಕೆಟ್ಟದಾಗಿ ಆಡಿದರು ಎಂದು ಮೊದಲು ಕೇಳಬಾರದು. ಯಾವ ಕೆಲಸ ಆಗಲಿಲ್ಲ ಎಂದು ಕೇಳಬೇಕು. ಆ ಕೆಲಸ ಯಾರ ಪಾಲಿನದು, ಅದನ್ನು ಮಾಡಲು ಅವನಿಗೆ ಅನುಕೂಲವಿತ್ತೇ, ಇಲ್ಲದಿದ್ದರೆ ಬೇರೆಯವನು ಎಲ್ಲಿ ಸಿಗುತ್ತಾನೆ ಅನ್ನುವುದೆಲ್ಲ ಆಮೇಲಿನ ಮಾತು.

ಬೆಂಗಳೂರಿನ ತಂಡವನ್ನೇ, ಅದರಲ್ಲೂ 2024–25ರ ಸೀಸನ್ನನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಹಿಂದಿನ ವರ್ಷ 12 ತಂಡಗಳಲ್ಲಿ 10ನೇ ಸ್ಥಾನಕ್ಕೆ ಜಾರಿದ್ದ ತಂಡ ಆ ಸಲ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ಮೂರನೇ ಸ್ಥಾನಕ್ಕೇರಿತು. ನಾಕೌಟ್‌ನಲ್ಲಿ ಮುಂಬೈ ಸಿಟಿಗೆ 5–0ರ ಪೆಟ್ಟು ಕೊಟ್ಟಿತು, ಸೆಮಿಫೈನಲ್‌ನಲ್ಲಿ ಗೋವಾವನ್ನು ದಾಟಿತು. 2025ರ ಏಪ್ರಿಲ್ 12ರಂದು ಕೋಲ್ಕತ್ತದ ಫೈನಲ್‌ನಲ್ಲಿ ಮೊದಲು ಗೋಲಿನ ಮುನ್ನಡೆ ಪಡೆದರೂ ಹೆಚ್ಚುವರಿ ಸಮಯದಲ್ಲಿ ಮೋಹನ್ ಬಾಗನ್‌ಗೆ 2–1ರಿಂದ ಸೋತಿತು. 40 ವರ್ಷದ ಸುನಿಲ್ ಚೆಟ್ರಿ 14 ಗೋಲು ಹೊಡೆದು ಆ ಸೀಸನ್ನಿನಲ್ಲಿ ಅತಿ ಹೆಚ್ಚು ಗೋಲು ಗಳಿಸಿದ ಭಾರತೀಯ ಎನಿಸಿದರು. ‘ಸುನಿಲ್ ಹೋದ ಮೇಲೆ ಗತಿ ಏನು, ಸ್ಟ್ರೈಕರ್ ತನ್ನಿ’ ಎಂಬ ಕೂಗು ಇಲ್ಲಿಂದಲೇ ಹುಟ್ಟಿತು.

ಈಗ ಅಂಕಪಟ್ಟಿಯನ್ನು ತೆರೆಯಿರಿ. ಆಟಗಾರರಿಗೆ ಅಂಕ ಕೊಡುವ ಮೊದಲು ನೋಡಬೇಕಾದದ್ದು ಅದನ್ನೇ. ಲೀಗ್ ಹಂತದ 24 ಪಂದ್ಯಗಳಲ್ಲಿ ಬೆಂಗಳೂರು 40 ಗೋಲು ಹೊಡೆದು 31 ಬಿಟ್ಟುಕೊಟ್ಟಿತು. ಮೊದಲ ಸ್ಥಾನದ ಮೋಹನ್ ಬಾಗನ್ 47 ಹೊಡೆದು 16 ಬಿಟ್ಟುಕೊಟ್ಟಿತು. ಹೊಡೆದ ಗೋಲಿನಲ್ಲಿ ಏಳರ ಅಂತರವಿದೆ, ಬಿಟ್ಟುಕೊಟ್ಟದ್ದರಲ್ಲಿ ಹದಿನೈದರ ಅಂತರ. ಪಾಯಿಂಟ್ 38 ಮತ್ತು 56. ಸ್ಟ್ರೈಕರ್ ಬೇಕೆಂದು ಕೂಗುವವರು ಗೋಲಿನ ಈ ನಾಲ್ಕು ಸಂಖ್ಯೆಗಳನ್ನು ಒಮ್ಮೆ ಬರೆದುಕೊಂಡರೆ ಸಾಕು, ದನಿ ತಾನಾಗಿ ತಗ್ಗುತ್ತದೆ.

ಇಲ್ಲಿಗೇ ನಿಂತು ‘ಹಾಗಾದರೆ ಡಿಫೆಂಡರ್ ತನ್ನಿ’ ಎಂದರೂ ಅವಸರವೇ. ಆ ಸೀಸನ್ನಿನ ಮೊದಲ ಐದು ಪಂದ್ಯಗಳಲ್ಲಿ ಬೆಂಗಳೂರು ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. ಕಂಠೀರವದಲ್ಲಿ ಇದೇ ಮೋಹನ್ ಬಾಗನ್ ಅನ್ನು 3–0ರಿಂದ ಮಣಿಸಿದ್ದೂ ಆ ಐದರಲ್ಲಿ ಸೇರಿದೆ. ಅಂದರೆ 31 ಗೋಲು ಬಿದ್ದದ್ದು ಉಳಿದ 19 ಪಂದ್ಯಗಳಲ್ಲಿ. ರಾಹುಲ್ ಭೆಕೆ, ಚಿಂಗ್ಲೆನ್‌ಸನಾ ಸಿಂಗ್, ಹಿಂದೆ ಗುರ್‌ಪ್ರೀತ್ ಸಿಂಗ್ ಸಂಧು: ರಕ್ಷಣೆಯ ಮುಖ್ಯ ಹೆಸರುಗಳು ಸೆಪ್ಟೆಂಬರ್‌ನಲ್ಲಿದ್ದವೇ ಫೆಬ್ರುವರಿಯಲ್ಲೂ ಇದ್ದವು. ಹೆಸರುಗಳು ಅವೇ ಇದ್ದು ಫಲ ಬದಲಾಗಿದ್ದರೆ ದೋಷ ಅವರ ಸುತ್ತಮುತ್ತ ಎಲ್ಲೋ ಇದೆ. ಅದನ್ನು ಸಂಖ್ಯೆ ಹೇಳುವುದಿಲ್ಲ, ಕಣ್ಣು ಹೇಳಬೇಕು.

ಕಣ್ಣಿಗೆ ಒಂದು ತೊಂದರೆ ಇದೆ. ಅದು ಚೆಂಡಿನ ಹಿಂದೆಯೇ ಓಡುತ್ತದೆ. ಟಿವಿಯ ಕ್ಯಾಮೆರಾ ಕೂಡ ಹಾಗೆಯೇ. ತೊಂಬತ್ತು ನಿಮಿಷದ ಆಟದಲ್ಲಿ ಒಬ್ಬ ಆಟಗಾರನ ಕಾಲಲ್ಲಿ ಚೆಂಡು ಇರುವುದು ಒಂದೆರಡು ನಿಮಿಷ; ಉಳಿದ ಹೊತ್ತೆಲ್ಲ ಅವನು ಏನು ಮಾಡುತ್ತಿದ್ದ ಎನ್ನುವುದೇ ಅವನ ಆಟದ ಬಹುಪಾಲು. ಇದಕ್ಕೆ ಕಂಠೀರವ ಒಳ್ಳೆಯ ಜಾಗ. ಅಥ್ಲೆಟಿಕ್ಸ್ ಟ್ರ್ಯಾಕ್ ಅಡ್ಡ ಬಂದು ಮೈದಾನ ದೂರವಾಯಿತು ಎಂದು ಎಲ್ಲರೂ ಗೊಣಗುತ್ತೇವೆ. ಆದರೆ ಮೇಲಿನ ಸಾಲಿನಲ್ಲಿ ಕುಳಿತರೆ ಆ ದೂರದಿಂದಲೇ ಇಡೀ ತಂಡದ ಹಾಸು ಒಟ್ಟಿಗೆ ಕಾಣುತ್ತದೆ: ಹಿಂದಿನ ನಾಲ್ವರಿಗೂ ಮಧ್ಯದವರಿಗೂ ನಡುವೆ ಎಷ್ಟು ಬಯಲು ಬಿದ್ದಿದೆ, ಫುಲ್‌ಬ್ಯಾಕ್ ಮುಂದೆ ಓಡಿದಾಗ ಅವನ ಜಾಗಕ್ಕೆ ಯಾರು ಸರಿದರು, ಚೆಂಡು ಕಳೆದುಕೊಂಡ ಮರುಗಳಿಗೆ ಎಷ್ಟು ಜನ ಹಿಂದಕ್ಕೆ ತಿರುಗಿದರು. ವೆಸ್ಟ್ ಬ್ಲಾಕ್ ಬ್ಲೂಸ್ ಅಭಿಮಾನಿ ಬಳಗದ ಡೋಲು, ಹಾಡುಗಳ ನಡುವೆಯೂ ಇದನ್ನು ನೋಡಬಹುದು, ಸ್ವಲ್ಪ ಹಟ ಬೇಕು ಅಷ್ಟೆ.

ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೊಳ್ಳಿ. ಪ್ರತಿ ಅರ್ಧದಲ್ಲೂ ಹತ್ತು ಹದಿನೈದು ನಿಮಿಷ ಚೆಂಡನ್ನು ಮರೆತು ಒಬ್ಬನೇ ಆಟಗಾರನನ್ನು ನೋಡಿ. ಪಕ್ಕದಲ್ಲಿ ಅಂಕ ಬರೆಯಬೇಡಿ, ಕ್ರಿಯಾಪದ ಬರೆಯಿರಿ: ತಿರುಗಲಿಲ್ಲ, ಸರಿದ, ಕೂಗಿ ಹೇಳಿದ, ತಡವಾಗಿ ಬಂದ. ಐದು ಪಂದ್ಯ ಆದ ಮೇಲೆ ಆ ಪದಗಳನ್ನು ಓದಿ ನೋಡಿದರೆ ಒಬ್ಬ ಮನುಷ್ಯನ ಅಭ್ಯಾಸ ಎದ್ದು ಬರುತ್ತದೆ. ಒಂದು ಪಂದ್ಯದಿಂದ ತೀರ್ಪು ಕೊಡುವುದು ಬೇಡ. ತಂಡ 2–0 ಮುಂದಿದ್ದಾಗ ಹಿಂದೆ ನಿಂತವನನ್ನು ಸೋಮಾರಿ ಎನ್ನುವುದೂ ತಪ್ಪು, ಬಹುಶಃ ಹಾಗೆ ನಿಲ್ಲು ಎಂದೇ ಕೋಚ್ ಹೇಳಿರುತ್ತಾರೆ.

ಆ್ಯಪ್‌ಗಳು ಕೊಡುವ 6.8, 7.4ರಂಥ ರೇಟಿಂಗ್‌ಗಳ ಬಗ್ಗೆ ಒಂದು ಮಾತು. ಅವು ಮುಖ್ಯವಾಗಿ ಚೆಂಡಿನ ಬಳಿ ನಡೆದದ್ದನ್ನು ಎಣಿಸುತ್ತವೆ: ಪಾಸು, ಟ್ಯಾಕಲ್, ಶಾಟ್, ಅಸಿಸ್ಟ್. ನಡೆಯದೇ ಹೋದದ್ದನ್ನು ಎಣಿಸುವ ಬಗೆ ಅವುಗಳಿಗೆ ಅಷ್ಟಾಗಿ ತಿಳಿಯದು. ಸರಿಯಾದ ಜಾಗದಲ್ಲಿ ನಿಂತು ಎದುರಾಳಿಯ ಪಾಸೇ ಆ ಕಡೆ ಬಾರದಂತೆ ಮಾಡಿದ ಸೆಂಟರ್ ಬ್ಯಾಕ್‌ಗೆ ಅಲ್ಲಿ ಸಿಗುವುದು ಬಡ ಅಂಕ. 2001ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ಅಲೆಕ್ಸ್ ಫರ್ಗ್ಯುಸನ್ ತಮ್ಮ ಡಚ್ ಡಿಫೆಂಡರ್ ಯಾಪ್ ಸ್ಟಾಮ್‌ರನ್ನು ಇಟಲಿಯ ಲಾಜಿಯೊಗೆ ಮಾರಿದರು. ಸ್ಟಾಮ್‌ರ ಟ್ಯಾಕಲ್ ಸಂಖ್ಯೆ ಇಳಿದದ್ದೂ ಒಂದು ಕಾರಣ ಎಂದು ಆಮೇಲೆ ಬಹಳ ಚರ್ಚೆಯಾಯಿತು. ಅದು ತಪ್ಪು ನಿರ್ಧಾರ ಎಂದು ಫರ್ಗ್ಯುಸನ್ನರೇ ಒಪ್ಪಿಕೊಂಡರು. ಸ್ಟಾಮ್ ಇಟಲಿಯಲ್ಲಿ ವರ್ಷಗಟ್ಟಲೆ ಆಡಿದರು, 2005ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಮಿಲಾನ್ ಪರ ಕಣಕ್ಕಿಳಿದರು. ಟ್ಯಾಕಲ್ ಕಡಿಮೆಯಾದರೆ ಕಾಲು ಸೋತಿರಬಹುದು, ಟ್ಯಾಕಲ್ ಬೇಕಾಗದಷ್ಟು ಆಟ ತಿಳಿದೂ ಇರಬಹುದು.

ಹಾಗಂತ ಸಂಖ್ಯೆಗಳನ್ನು ಎಸೆಯಬೇಕಿಲ್ಲ. ಎರಡನ್ನು ತಿಳಿದಿದ್ದರೆ ಅಭಿಮಾನಿಗೆ ಸಾಕು. ಒಂದು, ಎಲ್ಲವನ್ನೂ 90 ನಿಮಿಷಕ್ಕೆ ಇಳಿಸಿ ನೋಡುವುದು. ಬೆಂಚಿನಿಂದ ಎದ್ದು ಬಂದು ಕೊನೆಯ ಇಪ್ಪತ್ತು ನಿಮಿಷ ಆಡುವವನ ಐದು ಗೋಲಿಗೂ ಎಲ್ಲ ಪಂದ್ಯ ಪೂರ್ತಿ ಆಡಿದವನ ಐದು ಗೋಲಿಗೂ ಬೆಲೆ ಬೇರೆ. ಆದರೆ ದಣಿದ ಎದುರಾಳಿಯ ಮುಂದೆ ಇಪ್ಪತ್ತು ನಿಮಿಷ ಮಿಂಚಿದವನು ಮೊದಲ ನಿಮಿಷದಿಂದಲೂ ಹಾಗೆಯೇ ಮಿಂಚುತ್ತಾನೆ ಎಂಬ ಖಾತ್ರಿಯೂ ಇಲ್ಲ.

ಎರಡನೆಯದು ‘ಎಕ್ಸ್‌ಜಿ’, ಅಂದರೆ ನಿರೀಕ್ಷಿತ ಗೋಲು. ಕೇಳಲು ಭಾರಿ, ವಿಷಯ ಹಗುರ. ಹಿಂದೆ ಹೊಡೆದ ಲಕ್ಷಾಂತರ ಶಾಟ್‌ಗಳನ್ನು ಗುಡ್ಡೆ ಹಾಕಿ, ಇಷ್ಟು ದೂರದಿಂದ, ಈ ಕೋನದಿಂದ, ಕಾಲಿನಿಂದಲೋ ತಲೆಯಿಂದಲೋ ಹೊಡೆದದ್ದು ನೂರಕ್ಕೆ ಎಷ್ಟು ಸಲ ಗೋಲಾಗಿದೆ ಎಂದು ಲೆಕ್ಕ ಹಾಕುತ್ತಾರೆ. ಪೆನಾಲ್ಟಿ ನೂರಕ್ಕೆ 76ರಿಂದ 79 ಸಲ ಗೋಲಾಗುತ್ತದೆ, ಆದ್ದರಿಂದ ಒಂದು ಪೆನಾಲ್ಟಿಯ ತೂಕ ಸುಮಾರು 0.76ರಿಂದ 0.79. ಮೂವತ್ತು ಗಜದಾಚೆಯಿಂದ ಬೀಸಿ ಹೊಡೆದದ್ದರ ತೂಕ 0.03 ಇದ್ದರೆ ಹೆಚ್ಚು. ಹೀಗೆ ಪಂದ್ಯದ ಶಾಟ್‌ಗಳನ್ನೆಲ್ಲ ಕೂಡಿದರೆ ತಂಡ ಎಂಥ ಅವಕಾಶಗಳನ್ನು ಹುಟ್ಟಿಸಿತು ಎಂಬ ಅಂದಾಜು ಸಿಗುತ್ತದೆ. ಅವಕಾಶ ಬಹಳ ಹುಟ್ಟಿ ಗೋಲು ಕಡಿಮೆಯಾದರೆ ಮುಂದಿರುವವನ ಕಾಲನ್ನೋ ಅದೃಷ್ಟವನ್ನೋ ದೂರಬಹುದು. ಅವಕಾಶವೇ ಹುಟ್ಟದಿದ್ದರೆ ಸ್ಟ್ರೈಕರನ ಮೇಲೆ ಕೂಗಿ ಫಲವಿಲ್ಲ, ನೋಟ ಮಿಡ್‌ಫೀಲ್ಡಿಗೆ ಹೋಗಬೇಕು. ಒಂದೆರಡು ಪಂದ್ಯದ ಎಕ್ಸ್‌ಜಿ ಹಿಡಿದು ಜಗಳಕ್ಕೆ ನಿಲ್ಲುವವರಿಂದ ಮಾತ್ರ ದೂರವಿರಿ, ಹತ್ತು ಪಂದ್ಯಕ್ಕಿಂತ ಕಡಿಮೆಯಲ್ಲಿ ಅದು ಏನನ್ನೂ ಗಟ್ಟಿಯಾಗಿ ಹೇಳುವುದಿಲ್ಲ.

ಗೋಲ್‌ಕೀಪರ್ ವಿಷಯದಲ್ಲಿ ಜನ ಹೆಚ್ಚು ಎಡವುವುದು ಕ್ಲೀನ್ ಶೀಟ್, ಅಂದರೆ ಒಂದೂ ಗೋಲು ಬಿಡದ ಪಂದ್ಯಗಳ ಲೆಕ್ಕದಲ್ಲಿ. ಗುರ್‌ಪ್ರೀತ್ 2018–19 ಮತ್ತು 2019–20 ಎರಡೂ ಸೀಸನ್ನಿನಲ್ಲಿ ಗೋಲ್‌ಕೀಪರ್ ಪ್ರಶಸ್ತಿಯಾದ ಗೋಲ್ಡನ್ ಗ್ಲೋವ್ ಗೆದ್ದರು; ಎರಡನೆಯ ಸಲ 11 ಕ್ಲೀನ್ ಶೀಟ್. 2023–24ರಲ್ಲಿ ತಂಡ 10ನೇ ಸ್ಥಾನದಲ್ಲಿ ಮುಗಿಸಿದಾಗಲೂ ಗೋಲಿನಲ್ಲಿ ನಿಂತವರು ಅವರೇ. ಮುಂದೆ ನಿಂತವರು ಮಾತ್ರ ಬೇರೆ.

ಮುಂದೆ ನಿಲ್ಲುವವರಲ್ಲಿ ನನಗೆ ಅತಿ ಮುಖ್ಯ ಎನಿಸುವವನು ಹೋಲ್ಡಿಂಗ್ ಮಿಡ್‌ಫೀಲ್ಡರ್, ಡಿಫೆನ್ಸಿನ ಮುಂದೆ ಕಾವಲು ನಿಲ್ಲುವವನು. ಗ್ಯಾಲರಿಯಲ್ಲಿ ಅವನ ಹೆಸರು ಕೂಗುವವರು ಕಡಿಮೆ, ಅವನ ಜೆರ್ಸಿ ಕೊಳ್ಳುವವರು ಇನ್ನೂ ಕಡಿಮೆ. ಬೆಂಗಳೂರಿನಲ್ಲಿ ಆ ಕೆಲಸವನ್ನು ಆಸ್ಟ್ರೇಲಿಯಾದ ಎರಿಕ್ ಪಾರ್ಟಲು ಮಾಡುತ್ತಿದ್ದರು, ಜತೆಗೆ ಸ್ಪೇನ್‌ನ ದಿಮಾಸ್ ದೆಲ್ಗಾದೊ. ಎತ್ತರದ ಪಾರ್ಟಲು ಎದುರಾಳಿಯ ಉದ್ದ ಚೆಂಡುಗಳನ್ನು ತಲೆಯಿಂದ ತಡೆಯುತ್ತಿದ್ದರು, ದಿಮಾಸ್ ಅದನ್ನು ಎತ್ತಿಕೊಂಡು ಒಂದೇ ಪಾಸಿಗೆ ಆಟದ ದಿಕ್ಕು ಬದಲಿಸುತ್ತಿದ್ದರು. 2019ರ ಮಾರ್ಚ್ 17ರಂದು ಮುಂಬೈನಲ್ಲಿ ಗೋವಾ ವಿರುದ್ಧದ ಫೈನಲ್‌ನ 117ನೇ ನಿಮಿಷದಲ್ಲಿ ಭೆಕೆ ತಲೆಕೊಟ್ಟು ಕಪ್ ತಂದ ಗೋಲಿಗೆ ಕಾರ್ನರ್ ಎತ್ತಿದ್ದೂ ದಿಮಾಸ್. ಇಬ್ಬರೂ 2021ರಲ್ಲಿ ತಂಡ ಬಿಟ್ಟರು. ಸುದ್ದಿಯಾದದ್ದು ಸ್ಟ್ರೈಕರ್‌ಗಳು ಬಂದದ್ದು, ಹೋದದ್ದು.

ಆ ಸ್ಟ್ರೈಕರ್‌ಗಳ ಕಥೆಯನ್ನೂ ನೋಡಿಬಿಡೋಣ, ಪಾಠ ಇರುವುದು ಅಲ್ಲೇ. 2017–18ರಲ್ಲಿ ಐಎಸ್‌ಎಲ್‌ಗೆ ಕಾಲಿಟ್ಟ ವರ್ಷ ವೆನೆಜುವೆಲಾದ ಮಿಕು 15, ಚೆಟ್ರಿ 14 ಗೋಲು ಹೊಡೆದರು. ಮಿಕು ನಡುವೆ ನಿಂತು ಎರಡೂ ಸೆಂಟರ್ ಬ್ಯಾಕ್‌ಗಳನ್ನು ಕಟ್ಟಿಹಾಕುತ್ತಿದ್ದರು, ಎಡದಿಂದ ಚೆಟ್ರಿ ನುಗ್ಗುತ್ತಿದ್ದರು. 2019ರಲ್ಲಿ ಮಿಕು ಹೋದರು. ಆಮೇಲೆ ಬಂದವರಲ್ಲಿ ಮುಖ್ಯರು: ಸ್ಪೇನ್‌ನ ಮಾನುಯೆಲ್ ಒನ್ವು, ಜಮೈಕಾದ ಡೆಶಾರ್ನ್ ಬ್ರೌನ್, ನಾರ್ವೆಯ ಕ್ರಿಸ್ಟಿಯನ್ ಓಪ್ಸೆತ್, ಬ್ರೆಜಿಲ್‌ನ ಕ್ಲೀಟನ್ ಸಿಲ್ವಾ, ಕಾಂಗೊದ ಪ್ರಿನ್ಸ್ ಇಬಾರಾ, ಫಿಜಿಯ ರಾಯ್ ಕೃಷ್ಣ, ಇಂಗ್ಲೆಂಡಿನ ಕರ್ಟಿಸ್ ಮೇನ್. ಐದು ವರ್ಷಕ್ಕೆ ಏಳು ಹೆಸರು. ಲೀಗ್‌ನಲ್ಲಿ ಸ್ಥಾನ ಕ್ರಮವಾಗಿ 3, 7, 6, 4, 10.

ಏಳೂ ಜನ ನಾಲಾಯಕ್ಕೇ? ಕ್ಲೀಟನ್ ಇಲ್ಲಿಂದ ಈಸ್ಟ್ ಬೆಂಗಾಲ್‌ಗೆ ಹೋದ ಮೊದಲ ಸೀಸನ್ನಿನಲ್ಲೇ 12 ಗೋಲು ಹೊಡೆದು ಲೀಗ್‌ನ ಅತಿ ಹೆಚ್ಚು ಗೋಲಿನ ಸಾಲಿನಲ್ಲಿ ನಿಂತರು. ರಾಯ್ ಕೃಷ್ಣ ಒಡಿಶಾಕ್ಕೆ ಹೋಗಿ 2023–24ರಲ್ಲಿ 13 ಹೊಡೆದರು. ಅಲ್ಲಿ ಅವರ ಹಿಂದೆ ಚೆಂಡು ಹಂಚಲು ಅಹ್ಮದ್ ಜಾಹು ಇದ್ದರು. ಅದೇ ಹೊತ್ತಿಗೆ ಅವರಿಲ್ಲದ ಬೆಂಗಳೂರು ಕೆಳಗಿನಿಂದ ಮೂರನೆಯದಾಗಿತ್ತು. ಮಿಕು ಬಿಟ್ಟುಹೋದ ಕೆಲಸ ಯಾವುದು ಎಂದು ಕೇಳದೆ ಮಿಕು ಬಿಟ್ಟುಹೋದ ಜೆರ್ಸಿಗೆ ಆಳು ಹುಡುಕಿದಂತಾಯಿತು ಎಂಬುದು ನನ್ನ ಅನಿಸಿಕೆ. ಇನ್ನೊಂದು ಮಗ್ಗುಲೂ ಇದೆ: ಕ್ಲೀಟನ್ ಅಷ್ಟು ಹೊಡೆದ ವರ್ಷವೂ ಈಸ್ಟ್ ಬೆಂಗಾಲ್ ಒಂಬತ್ತನೇ ಸ್ಥಾನದಲ್ಲೇ ಇತ್ತು.

2023ರ ಬೇಸಿಗೆ ಇದಕ್ಕಿಂತ ದೊಡ್ಡ ಪಾಠ. ಆ ವರ್ಷ ತಂಡ ಲೀಗ್‌ನ ಕೊನೆಯಲ್ಲಿ ಸತತ ಎಂಟು ಪಂದ್ಯ ಗೆದ್ದು, ಫೈನಲ್‌ವರೆಗೆ ಹೋಗಿ, ಪೆನಾಲ್ಟಿಯಲ್ಲಿ ಸೋತಿತ್ತು. ಮರುಸೀಸನ್ನಿಗೆ ಸಂದೇಶ್ ಝಿಂಗನ್, ಉದಾಂತ ಸಿಂಗ್, ಪ್ರಬೀರ್ ದಾಸ್, ಅಲನ್ ಕೋಸ್ಟಾ, ಬ್ರೂನೊ ರಾಮಿರೆಸ್, ರಾಯ್ ಕೃಷ್ಣ ಯಾರೂ ಉಳಿದಿರಲಿಲ್ಲ. ಬೆನ್ನೆಲುಬನ್ನೇ ತೆಗೆದ ಮೇಲೆ ಬಂದವರು ಒಬ್ಬೊಬ್ಬರಾಗಿ ಕೆಟ್ಟವರೇನಲ್ಲ. ಅವರಲ್ಲಿ ರಯಾನ್ ವಿಲಿಯಮ್ಸ್‌ರಂಥ ಒಳ್ಳೆಯ ಆಯ್ಕೆಯೂ ಇತ್ತು. ಆದರೆ ಒಂದೇ ಬೇಸಿಗೆಯಲ್ಲಿ ಅರ್ಧ ತಂಡ ಹೊಸದಾದರೆ ಯಾರು ಯಾರ ಜಾಗ ತುಂಬಬೇಕು ಎಂಬುದು ಮೈಗೂಡುವಷ್ಟರಲ್ಲಿ ಸೀಸನ್ ಮುಗಿದಿರುತ್ತದೆ. ಎರಡು ಮೂರು ಜಾಗಕ್ಕಿಂತ ಹೆಚ್ಚು ಒಮ್ಮೆಗೇ ಬದಲಿಸದಿರುವುದು ಒಳ್ಳೆಯದು. ಅಭಿಮಾನಿಯ ಪಟ್ಟಿಯೂ ಅಷ್ಟಕ್ಕೇ ನಿಲ್ಲಬೇಕು.

ಕೆಲಸ ನೋಡಿ ಆಳು ತರುವುದು ಹೇಗೆ ಎಂಬುದಕ್ಕೆ ಇಂಗ್ಲೆಂಡಿನ ಎರಡು ಕ್ಲಬ್‌ಗಳು ಒಳ್ಳೆ ಉದಾಹರಣೆ. 2018ರ ಜನವರಿಯಲ್ಲಿ ಲಿವರ್‌ಪೂಲ್ ತನ್ನ ಜಾದೂಗಾರ ಫಿಲಿಪ್ ಕುಟಿನ್ಯೊನನ್ನು ಬಾರ್ಸಿಲೋನಾಕ್ಕೆ ಮಾರಿತು. ಇನ್ನೊಬ್ಬ ಕುಟಿನ್ಯೊ ಬೇಕು ಎಂದು ಅಭಿಮಾನಿಗಳು ಬೇಡುತ್ತಿದ್ದರೆ ಕ್ಲಬ್ ಅದೇ ತಿಂಗಳು 7.5 ಕೋಟಿ ಪೌಂಡ್‌ಗೆ ವರ್ಜಿಲ್ ವಾನ್ ಡೈಕ್ ಎಂಬ ಡಿಫೆಂಡರನನ್ನು ತಂದಿತ್ತು, ಬೇಸಿಗೆಯಲ್ಲಿ ಗೋಲ್‌ಕೀಪರ್ ಅಲಿಸನ್‌ರನ್ನು ತಂದಿತು. 2017–18ರಲ್ಲಿ ಲೀಗ್‌ನಲ್ಲಿ 38 ಗೋಲು ಬಿಟ್ಟಿದ್ದ ತಂಡ ಮರುವರ್ಷ ಬಿಟ್ಟದ್ದು 22. ಪಾಯಿಂಟ್ 97 ಆಯಿತು, 2019ರ ಚಾಂಪಿಯನ್ಸ್ ಲೀಗ್ ಮನೆಗೆ ಬಂತು. ಬ್ರೆಂಟ್‌ಫರ್ಡ್‌ನದು ಇನ್ನೊಂದು ಬಗೆ. 2019ರಲ್ಲಿ ನೀಲ್ ಮೊಪೆಯನ್ನು ಮಾರಿದಾಗ ತನ್ನಲ್ಲೇ ವಿಂಗ್‌ನಲ್ಲಿ ಆಡುತ್ತಿದ್ದ ಓಲಿ ವಾಟ್ಕಿನ್ಸ್‌ನನ್ನು ನಡುವಿಗೆ ತಂದಿತು. 2020ರಲ್ಲಿ ವಾಟ್ಕಿನ್ಸ್‌ನನ್ನೂ ಮಾರಿ, ಮೂರನೇ ದರ್ಜೆಯಲ್ಲಿ ಆಡಿಬಂದಿದ್ದ ಪೀಟರ್‌ಬರೊದಿಂದ ಐವನ್ ಟೋನಿಯನ್ನು ಕರೆತಂದಿತು. ಟೋನಿ ಆ ಸೀಸನ್ ಲೀಗ್ ಹಂತದಲ್ಲೇ 31 ಗೋಲು ಹೊಡೆದ, ಕ್ಲಬ್ ಪ್ರೀಮಿಯರ್ ಲೀಗ್‌ಗೆ ಏರಿತು. ಯಾರು ಹೊರಡುತ್ತಾರೆ ಎಂದು ಮೊದಲೇ ಗೊತ್ತಿದ್ದವರಷ್ಟೇ ಹೀಗೆ ಮಾಡಬಲ್ಲರು.

ಅದಕ್ಕೇ ಇನ್ನೊಂದು ಹಾಳೆ ಬೇಕು, ತಂಡದ ನಕ್ಷೆಯದು. ಹನ್ನೊಂದು ಜಾಗ ಬರೆದು, ಪ್ರತಿಯೊಂದಕ್ಕೂ ಇಬ್ಬರ ಹೆಸರು, ಪಕ್ಕದಲ್ಲಿ ವಯಸ್ಸು, ಒಪ್ಪಂದ ಮುಗಿಯುವ ವರ್ಷ. ವಯಸ್ಸಿನ ಕಾಲಂ ಅನ್ನು ಮೇಲಿನಿಂದ ಕೆಳಕ್ಕೆ ಓದಿದಾಗ ಏನು ಕಾಣುತ್ತದೆ ನೋಡಿ. 2025ರ ಫೈನಲ್ ಆಡಿದ ತಿಂಗಳಲ್ಲಿ ಬೆಂಗಳೂರಿನ ಮುಂದಿನ ಸಾಲಿನವರು: ಚೆಟ್ರಿ 40, ಆಲ್ಬರ್ಟೊ ನೊಗೆರಾ 35, ಎಡ್ಗರ್ ಮೆಂಡೆಸ್ 35, ಹೋರ್ಹೆ ಪೆರೇರಾ ಡಿಯಾಸ್ 34. ಮಧ್ಯದಲ್ಲಿ ಪೆದ್ರೊ ಕಾಪೊ 34. ಹಿಂದೆ ಭೆಕೆ 34, ಗುರ್‌ಪ್ರೀತ್ 33. ಇನ್ನೊಂದು ತುದಿಯಲ್ಲಿ ಸುರೇಶ್ ಸಿಂಗ್ 24, ಅವರಿಗಿಂತಲೂ ಎಳೆಯ ಬೆಂಗಳೂರಿನ ಹುಡುಗ ವಿನೀತ್ ವೆಂಕಟೇಶ್. ಸೀಸನ್ನಿನ ಮೊದಲ ಪಂದ್ಯದಲ್ಲೇ ಈಸ್ಟ್ ಬೆಂಗಾಲ್ ವಿರುದ್ಧ ಗೆಲುವಿನ ಗೋಲು ಹೊಡೆದವನು ಅವನು. ನಡುವಿನ ವಯಸ್ಸಿನವರು, 26ರ ರೋಷನ್ ಸಿಂಗ್‌ನಂತೆ 25ರಿಂದ 29ರವರು, ಬೆರಳೆಣಿಕೆ. ಫುಟ್‌ಬಾಲಿಗರ ಕಸುವು ಸಾಮಾನ್ಯವಾಗಿ ತುದಿ ಮುಟ್ಟುವುದು ಆ ವಯಸ್ಸಿನಲ್ಲೇ. ಮೊದಲ ಐದು ಪಂದ್ಯದಲ್ಲಿ ಮುಚ್ಚಿದ್ದ ಬಾಗಿಲು ಆಮೇಲೆ ಏಕೆ ತೆರೆಯಿತು ಎಂಬುದಕ್ಕೆ ನನ್ನ ಉತ್ತರ ಇಲ್ಲಿದೆ. ಚೆಂಡು ಕಳೆದುಕೊಂಡ ಕೂಡಲೇ ಮುಂದಿನವರೇ ಮುಗಿಬಿದ್ದು ಕಿತ್ತುಕೊಳ್ಳುವ ಆಟ ಆ ಸೀಸನ್ನಿನ ಕೋಚ್ ಜೆರಾರ್ಡ್ ಸರಗೋಸಾ ಅವರದು. 34–35ರ ಕಾಲುಗಳು ಸೆಪ್ಟೆಂಬರ್‌ನಲ್ಲಿ ಅದನ್ನು ಮಾಡುತ್ತವೆ, ಜನವರಿಯಲ್ಲಿ ಅರ್ಧ ಹೆಜ್ಜೆ ತಡವಾಗುತ್ತವೆ. ಆ ಅರ್ಧ ಹೆಜ್ಜೆಯ ಬಿಲ್ಲು ಸೆಂಟರ್ ಬ್ಯಾಕ್‌ಗಳ ಹೆಸರಿಗೆ ಬರುತ್ತದೆ.

ಭಾರತದ ಲೀಗ್‌ನಲ್ಲಿ ಇದರ ಮೇಲೆ ಇನ್ನೊಂದು ಲೆಕ್ಕ ಕೂಡುತ್ತದೆ, ವಿದೇಶಿಯರ ಮಿತಿ. ಐಎಸ್‌ಎಲ್ ಶುರುವಾದಾಗ ಒಮ್ಮೆಗೆ ಆರು ವಿದೇಶಿಯರು ಆಡಬಹುದಿತ್ತು. 2017–18ಕ್ಕೆ ಅದು ಐದಕ್ಕೆ ಇಳಿಯಿತು, 2021–22ರಿಂದ ನಾಲ್ಕಕ್ಕೆ. ನಾವು ನೋಡುತ್ತಿರುವ ಸೀಸನ್ನಿನಲ್ಲಿ ತಂಡದಲ್ಲಿ ಆರು ಮಂದಿ, ಮೈದಾನದಲ್ಲಿ ನಾಲ್ವರು. ಹಾಗಾಗಿ ಇಲ್ಲಿ ಒಳ್ಳೆಯ ಆಟಗಾರ ಸಿಕ್ಕಿದರೆ ಸಾಲದು, ಅವನನ್ನು ಯಾವ ಜಾಗಕ್ಕೆ ಖರ್ಚು ಮಾಡುತ್ತೀರಿ ಎಂಬುದೇ ಪ್ರಶ್ನೆ. ಭಾರತೀಯರಲ್ಲಿ ಸುಲಭವಾಗಿ ಸಿಗುವ ಜಾಗಕ್ಕೆ ವಿದೇಶಿಯನನ್ನು ಹಾಕಿದರೆ ಆ ಸೀಟು ವ್ಯರ್ಥ.

2024–25ರ ಎರಡು ಫೈನಲಿಸ್ಟ್‌ಗಳನ್ನು ಪಕ್ಕಪಕ್ಕ ಇಡಿ. ಮೋಹನ್ ಬಾಗನ್‌ನ ಆರು: ಟಾಮ್ ಆಲ್ಡ್ರೆಡ್, ಆಲ್ಬರ್ಟೊ ರೊಡ್ರಿಗೆಸ್ ಇಬ್ಬರೂ ಸೆಂಟರ್ ಬ್ಯಾಕ್, ಮುಂದೆ ಮೆಕ್ಲಾರೆನ್, ಕಮಿಂಗ್ಸ್, ಪೆಟ್ರಾಟಸ್, ಸ್ಟೀವರ್ಟ್. ಮಧ್ಯದಲ್ಲಿ ಅಪುಯಾ, ಅನಿರುದ್ಧ ಥಾಪಾ, ಎರಡು ಬದಿಗೆ ಮನ್ವೀರ್, ಲಿಸ್ಟನ್, ಎಲ್ಲರೂ ಭಾರತೀಯರು. ಬೆಂಗಳೂರಿನ ಆರು: ಹಿಂದೆ ಯೊವಾನೊವಿಚ್ ಒಬ್ಬರೇ, ಉಳಿದ ಐವರು ಮಧ್ಯ ಮತ್ತು ಮುಂದೆ. ಎರಡೂ ತಪ್ಪಲ್ಲ. ಬೆಂಗಳೂರಿಗೆ ಭೆಕೆ, ಚಿಂಗ್ಲೆನ್‌ಸನಾ ಇದ್ದರು, ಭಾರತ ತಂಡಕ್ಕೂ ಆಡಿದ ಜೋಡಿ, ಅಲ್ಲಿ ಸೀಟು ಉಳಿಯಿತು. ಕೊರತೆಯಾದದ್ದು ಅಪುಯಾನಂತೆ ಇಡೀ ಮಧ್ಯವನ್ನು ಓಡಿ ಓಡಿ ಮುಚ್ಚುವವನದು. ಸುರೇಶ್ ಒಬ್ಬನಿಂದ ಅದು ಸಾಗದು.

ಸ್ಟ್ರೈಕರ್ ಬೇಕೆಂಬ ಕೂಗಿನಲ್ಲಿ ನಿಜವೂ ಇದೆ, ಅದನ್ನು ತಳ್ಳಿಹಾಕಲಾರೆ. ಐಎಸ್‌ಎಲ್ ಶುರುವಾದ 2014ರಿಂದ 2025ರವರೆಗೆ ಅತಿ ಹೆಚ್ಚು ಗೋಲಿಗೆ ಕೊಡುವ ಗೋಲ್ಡನ್ ಬೂಟ್ ಒಬ್ಬ ಭಾರತೀಯನಿಗೂ ಸಿಕ್ಕಿಲ್ಲ. 2024–25ರಲ್ಲಿ ಅದು ಹೋದದ್ದು 23 ಗೋಲು ಹೊಡೆದ ನಾರ್ತ್‌ಈಸ್ಟ್‌ನ ಮೊರಾಕ್ಕೊ ಆಟಗಾರ ಅಲಾದ್ದೀನ್ ಅಜರಾಯಿಗೆ. ನಡುವಿನ ಸ್ಟ್ರೈಕರ್ ಜಾಗಕ್ಕೆ ಬಹುತೇಕ ಕ್ಲಬ್‌ಗಳು ವಿದೇಶಿಯನನ್ನೇ ಹಾಕುತ್ತವೆ, ಆದ್ದರಿಂದ ಭಾರತೀಯ ಹುಡುಗರಿಗೆ ಅಲ್ಲಿ ಆಡುವ ನಿಮಿಷ ಸಿಗುವುದಿಲ್ಲ, ಸಿಗದ್ದರಿಂದ ತಯಾರಾಗುವುದಿಲ್ಲ. 2022–23ರಲ್ಲಿ 6 ಗೋಲು ಹೊಡೆದು ಭರವಸೆ ಹುಟ್ಟಿಸಿದ ಶಿವಶಕ್ತಿ ನಾರಾಯಣನ್ ಆಮೇಲೆ ಬೆಂಚಿನ ಅಂಚಿಗೆ ಸರಿದದ್ದನ್ನು ನೋಡಿದರೆ ಇದು ತಿಳಿಯುತ್ತದೆ. ಚೆಟ್ರಿ ಜಾಗಕ್ಕೆ ಒಬ್ಬ ಚೆಟ್ರಿಯನ್ನು ಹುಡುಕಿದರೆ ಸಿಗುವುದಿಲ್ಲ. 14 ಗೋಲನ್ನು ಮೂರು ಪಾಲಾಗಿ ಹಂಚುವುದು ಸಾಧ್ಯವಿರುವ ದಾರಿ: ವಿಲಿಯಮ್ಸ್‌ಗೆ ಐದಾರು ಹೆಚ್ಚು, ಶಿವಶಕ್ತಿಗೆ ನಾಲ್ಕೈದು, ಉಳಿದದ್ದು ಕಾರ್ನರ್, ಫ್ರೀಕಿಕ್‌ಗಳಿಂದ. ರೋಷನ್‌ನ ಕಾಲು ಅದಕ್ಕೇ ಇದೆ.

ಇನ್ನು ಆಳನ್ನು ತರುವ ದಾರಿ. ಯುರೋಪಿನಂತೆ ಇಲ್ಲಿ ಕೋಟಿಗಟ್ಟಲೆ ಟ್ರಾನ್ಸ್‌ಫರ್ ಹಣ ಕೈ ಬದಲಾಯಿಸುವುದು ಅಪರೂಪ, ಹೆಚ್ಚಿನವರು ಬರುವುದು ಒಪ್ಪಂದ ಮುಗಿದ ಮೇಲೆ. ಫಿಫಾ ನಿಯಮದಂತೆ ಒಪ್ಪಂದದ ಕೊನೆಯ ಆರು ತಿಂಗಳಲ್ಲಿ ಆಟಗಾರ ಬೇರೆ ಕ್ಲಬ್ಬಿನೊಂದಿಗೆ ಮುಂದಿನ ಒಪ್ಪಂದ ಮಾಡಿಕೊಳ್ಳಬಹುದು. ಹಾಗಾಗಿ ಬೇಸಿಗೆಯ ಸುದ್ದಿಗಳು ಜನವರಿಯಲ್ಲೇ ಕುದಿಯುತ್ತಿರುತ್ತವೆ. ಒಪ್ಪಂದದ ಕಾಲಂ ಇಟ್ಟುಕೊಂಡವನಿಗೆ ಅರ್ಧ ಗಾಳಿಸುದ್ದಿ ಸುಳ್ಳೆಂದು ತಾನಾಗಿ ಗೊತ್ತಾಗುತ್ತದೆ. ಹೊಸಬನ ಹೆಸರು ಕೇಳಿದೊಡನೆ ಯೂಟ್ಯೂಬಿನಲ್ಲಿ ಐದು ನಿಮಿಷದ ವಿಡಿಯೊ ನೋಡಿ ಕುಣಿಯುವ ಚಟ ಎಲ್ಲರಿಗೂ ಇದೆ. ಅದು ಮದುವೆ ಬ್ರೋಕರ್ ತರುವ ಫೋಟೊ ಇದ್ದಂತೆ, ಅದರಲ್ಲಿ ಕೆಟ್ಟದಾಗಿ ಕಾಣುವವರು ಯಾರೂ ಇಲ್ಲ. ಅದರ ಬದಲು ಕಳೆದ ಎರಡು ಸೀಸನ್ನಿನಲ್ಲಿ ಅವನು ಎಷ್ಟು ನಿಮಿಷ ಆಡಿದ ಎಂದು ನೋಡಿ. ನಿಮಿಷಗಳು ಅರ್ಧಕ್ಕೆ ಬಿದ್ದಿದ್ದರೆ ಒಂದೋ ಗಾಯ, ಇಲ್ಲವೇ ಕೋಚ್‌ಗೆ ಬೇಡವಾಗಿದ್ದಾನೆ. ಮೂವತ್ತು ದಾಟಿದ, ಐದು ವರ್ಷದಲ್ಲಿ ಐದು ದೇಶ ಸುತ್ತಿದ ಹೆಸರನ್ನು ಕಂಡರೆ ಎರಡು ಸಲ ಯೋಚಿಸಿ.

2025ರ ಜುಲೈನಲ್ಲಿ ಲೀಗೇ ತಡೆಹಿಡಿಯಲ್ಪಟ್ಟಾಗ ಈ ಲೆಕ್ಕಗಳೆಲ್ಲ ಕೆಲಕಾಲ ಗಾಳಿಯಲ್ಲಿ ತೂಗಾಡಿದವು. ಯಾವಾಗ ಆಡುತ್ತೇವೆಂದು ಗೊತ್ತಿಲ್ಲದ ಕ್ಲಬ್ ಯಾರನ್ನು ಕರೆದೀತು? ಆದರೆ ಅದೇ ವರ್ಷದ ನವೆಂಬರ್‌ನಲ್ಲಿ ಬೆಂಗಳೂರಿಗೆ ಒಂದು ಅನಿರೀಕ್ಷಿತ ಲಾಭವಾಯಿತು. ಆಸ್ಟ್ರೇಲಿಯಾದ ರಯಾನ್ ವಿಲಿಯಮ್ಸ್ ಆ ದೇಶದ ಪೌರತ್ವ ಬಿಟ್ಟು ಭಾರತೀಯ ಪಾಸ್‌ಪೋರ್ಟ್ ಪಡೆದರು. ಅವರ ತಾಯಿಯ ಕಡೆಯವರು ಮುಂಬೈನವರು, ಅಜ್ಜ ಸಂತೋಷ್ ಟ್ರೋಫಿಯಲ್ಲಿ ಬಾಂಬೆ ಪರ ಆಡಿದವರು. ಸುದ್ದಿಯೆಲ್ಲ ಅವರು ರಾಷ್ಟ್ರೀಯ ತಂಡಕ್ಕೆ ಆಡುವ ಬಗ್ಗೆಯೇ ಇತ್ತು. ಕ್ಲಬ್ಬಿನ ಲೆಕ್ಕದಲ್ಲಿ ಅದರರ್ಥ ಬೇರೆ: ಒಬ್ಬನನ್ನೂ ಮಾರದೆ, ಒಂದು ರೂಪಾಯಿ ಕೊಡದೆ, ವಿದೇಶಿ ಸೀಟೊಂದು ತೆರವಾಯಿತು.

ಹೀಗೆ ತೆರವಾಗುವ ಸೀಟಿಗೆ ಫೈನಲ್ ಸೋತ ಆ ತಂಡದ ನಕ್ಷೆ ಮುಂದಿಟ್ಟು ನಾನು ಬರೆಯುವ ಬೇಡಿಕೆ ಇದು: 28 ದಾಟದ ಹೋಲ್ಡಿಂಗ್ ಮಿಡ್‌ಫೀಲ್ಡರ್, ಹಿಂದಿನ ಎರಡು ಸೀಸನ್ನಿನಲ್ಲಿ ತಲಾ 2,000 ನಿಮಿಷಕ್ಕೆ ಕಡಿಮೆಯಿಲ್ಲದಷ್ಟು ಆಡಿರಬೇಕು, ಫುಲ್‌ಬ್ಯಾಕ್ ಮುಂದೆ ಹೋದಾಗ ಅವನ ಬೆನ್ನ ಹಿಂದಿನ ಜಾಗಕ್ಕೆ ಯಾರೂ ಹೇಳದೆ ಸರಿಯುವವನಾಗಿರಬೇಕು. ಗೋಲು ಹೊಡೆಯದಿದ್ದರೂ ಚಿಂತೆಯಿಲ್ಲ. ಅಂಥವನು ಸಿಗದೆ ಟ್ರಾನ್ಸ್‌ಫರ್ ಕಿಟಕಿ ಮುಚ್ಚುವ ದಿನ ಬಂದರೆ, ಸಿಕ್ಕವನೊಬ್ಬನನ್ನು ಎರಡು ವರ್ಷಕ್ಕೆ ಕಟ್ಟಿಕೊಳ್ಳುವ ಬದಲು ಸೀಟನ್ನು ಮುಂದಿನ ಕಿಟಕಿಯವರೆಗೆ ಖಾಲಿ ಬಿಟ್ಟು, ಅಷ್ಟು ದಿನ ಅಕಾಡೆಮಿಯ ಹುಡುಗನೊಬ್ಬನನ್ನು ಸುರೇಶ್ ಪಕ್ಕದಲ್ಲಿ ಆಡಿಸಲಿ.